ಒಳಗೆ ಬರಲಾ ಅಂತ ಕೇಳೋ ರಕ್ತಪಿಶಾಚಿ (ಕ್ರೇಗಿಬರ್ನ್ ಡೈರಿ, ಕಂತು 27)

ಹೋದ ಕಂತಿನಲ್ಲಿ ಇಲ್ಲಿನ ಚಳಿಗಾಲದ ಗ್ಯಾಸ್ ಬಿಲ್ ಬಗ್ಗೆ ಬರೆದಿದ್ದೆ. ಅರಸೀಕೆರೆಯಿಂದ ದೊಡ್ಡಮ್ಮ "ಎರಡು ಕಂಬಳಿ ಹೊದ್ಕೊಂಡ್ರೆ ಆಗಲ್ವೇನೇ" ಅಂತ ಕೇಳಿದ್ರು. ಆಗಲ್ಲ ದೊಡ್ಡಮ್ಮ, ಬಂದು ನೋಡಿ. ಈ ಸಲ ಬಿಲ್ ವಿಷಯ ಅಲ್ಲ, ಒಂದು ಪುಸ್ತಕದ ವಿಷಯ. ಸ್ವಲ್ಪ ಉದ್ದ ಇದೆ. ಕಾಫಿ ಮಾಡ್ಕೊಂಡು ಕೂತು ಓದಿ.

ಆದದ್ದು ಇಷ್ಟು. ಹೋದ ಭಾನುವಾರ ಅಮ್ಮನ ಜೊತೆ ವಿಡಿಯೋ ಕಾಲ್‌ನಲ್ಲಿದ್ದೆ. ನನ್ನ ಹಿಂದೆ ಟೀಪಾಯಿ ಮೇಲೆ ಒಂದು ಪುಸ್ತಕ ಇತ್ತು. ಅಮ್ಮನ ಕಣ್ಣಿಗೆ ಬಿತ್ತು. "ಏನೇ ಅದು, ರಕ್ತ ಇದ್ದಂಗಿದೆ ಅದರ ಮೇಲೆ?" ಅಂದ್ರು. ದೆವ್ವದ ಕಾದಂಬರಿ ಅಮ್ಮ, ರಕ್ತ ಕುಡಿಯೋ ದೆವ್ವ ಅಂದೆ. "ಮನೇಲಿ ಬೆಳೀತಿರೋ ಹುಡುಗ ಇದಾನೆ, ನೀನು ರಾತ್ರಿ ಡ್ಯೂಟಿಗೆ ಹೋಗೋಳು, ಅಂಥಾ ಪುಸ್ತಕ ಯಾಕೆ ಇಟ್ಕೊಂಡಿದೀಯ, ಮೊದಲು ವಾಪಸ್ ಕೊಟ್ಟು ಬಾ" ಅಂತ ಶುರು ಮಾಡಿದ್ರು. ಸಂಜೆ ಹೊತ್ತಿಗೆ ಫ್ಯಾಮಿಲಿ ಗ್ರೂಪಿನಲ್ಲಿ ಮಾವ, ಅತ್ತಿಗೆ ಎಲ್ಲರೂ ಸೇರ್ಕೊಂಡ್ರು. ವಿದೇಶಕ್ಕೆ ಹೋದ ಮಕ್ಕಳು ಏನೇನೋ ಓದಿ ಕೆಟ್ಟು ಹೋಗ್ತಾರೆ ಅನ್ನೋವರೆಗೂ ಮಾತು ಬಂತು.

ಗ್ರೂಪಿನಲ್ಲಿ ಜಗಳ ಆಡೋಕೆ ಮನಸ್ಸಿಲ್ಲ. ಅದಕ್ಕೆ ಇಲ್ಲಿ ಬರೀತಿದೀನಿ. ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡ್ತೀನಿ. ಇದು ಒಳ್ಳೇ ಪುಸ್ತಕ. ಚಿಕ್ಕ ಮಕ್ಕಳಿಗಲ್ಲ, ಅದನ್ನ ಒಪ್ಕೋತೀನಿ. ಆದ್ರೆ ಮಕ್ಕಳನ್ನ ಸಾಕ್ತಿರೋ ಅಪ್ಪ ಅಮ್ಮ ಓದಬೇಕಾದ ಪುಸ್ತಕ. ಯಾಕೆ ಅಂತ ಹೇಳೋ ಹೊತ್ತಿಗೆ ನಮ್ಮ ಮನೆ ವಿಷಯವೂ ಒಂದು ಬರುತ್ತೆ. ಬರೆಯೋಕೆ ಕಷ್ಟ ಆಯ್ತು. ಮಗನನ್ನ ಕೇಳೇ ಬರೀತಿದೀನಿ.

1. ಬ್ಲ್ಯಾಕೆಬರ್ಗ್ ಮತ್ತು ಕ್ರೇಗಿಬರ್ನ್

ಪುಸ್ತಕದ ಹೆಸರು 'ಲೆಟ್ ದ ರೈಟ್ ಒನ್ ಇನ್'. ಅಂದ್ರೆ ಸರಿಯಾದವರನ್ನ ಒಳಗೆ ಬಿಟ್ಕೋ ಅಂತ. ಬರೆದವರು ಸ್ವೀಡನ್ ದೇಶದ ಜಾನ್ ಅಯ್ವಿಡೆ ಲಿಂಡ್‌ಕ್ವಿಸ್ಟ್. ಸ್ವೀಡಿಷ್ ಭಾಷೆಯಲ್ಲಿ ಬಂದದ್ದು 2004ರಲ್ಲಿ. ನಮ್ಮಲ್ಲಿ 'ಆಪ್ತಮಿತ್ರ' ಬಂತಲ್ಲ, ಅದೇ ವರ್ಷ. 2008ರಲ್ಲಿ ಸಿನಿಮಾ ಆಯ್ತು, ಚಿತ್ರಕಥೆಯನ್ನೂ ಅವರೇ ಬರೆದರು. 2010ರಲ್ಲಿ ಅಮೆರಿಕದವರು ಅದನ್ನ 'ಲೆಟ್ ಮಿ ಇನ್' ಅಂತ ಮತ್ತೆ ಮಾಡಿದ್ರು.

ರಕ್ತಪಿಶಾಚಿ ಅಂದ್ರೆ ನಮಗೆಲ್ಲ ಡ್ರಾಕುಲಾ ನೆನಪಾಗುತ್ತೆ. ಬೆಟ್ಟದ ಮೇಲೆ ಹಳೇ ಕೋಟೆ, ಕಪ್ಪು ನಿಲುವಂಗಿ, ಹಾರೋ ಬಾವಲಿ. ಈ ಕಾದಂಬರಿಯಲ್ಲಿ ಅದ್ಯಾವುದೂ ಇಲ್ಲ. ಕಥೆ ನಡೆಯೋದು 1981ರ ಚಳಿಯಲ್ಲಿ, ಬ್ಲ್ಯಾಕೆಬರ್ಗ್ ಅನ್ನೋ ಬಡಾವಣೆಯಲ್ಲಿ. ಅದು ನಿಜವಾಗಿ ಇರೋ ಜಾಗ, ಸ್ಟಾಕ್‌ಹೋಮ್‌ನ ಪಶ್ಚಿಮಕ್ಕಿದೆ. ಲೇಖಕರು ಬೆಳೆದದ್ದೇ ಅಲ್ಲಿ. 1950ರ ದಶಕದಲ್ಲಿ ಸರ್ಕಾರ ಪ್ಲಾನ್ ಹಾಕಿ ಕಟ್ಟಿದ ಬಡಾವಣೆ. ಮೆಟ್ರೋ ರೈಲು, ಅಂಗಡಿ ಸಾಲು, ಶಾಲೆ, ಒಂದೇ ಥರದ ಅಪಾರ್ಟ್‌ಮೆಂಟು, ಎಲ್ಲ ಇದೆ. ಆ ನೆಲಕ್ಕೆ ಒಂದು ಹಳೇ ಕಥೆ ಇಲ್ಲ. ಯಾರ ಅಜ್ಜಿಯೂ ಅಲ್ಲಿ ಹುಟ್ಟಿದವರಲ್ಲ. ಇಂಥ ಜಾಗಕ್ಕೆ ರಕ್ತಪಿಶಾಚಿ ಬಂದು ಬಾಡಿಗೆಗೆ ಸೇರಿದ್ರೆ ಯಾರಿಗೆ ಗೊತ್ತಾಗುತ್ತೆ ಅನ್ನೋದೇ ಕಥೆಯ ಬೀಜ.

ಇದನ್ನ ಓದಿದಾಗ ನಾನು ನಮ್ಮ ಕಿಟಕಿಯಿಂದ ಆಚೆ ನೋಡಿದೆ. ಕ್ರೇಗಿಬರ್ನ್ ಮೆಲ್ಬರ್ನ್ ನಗರದಿಂದ ಸುಮಾರು 25 ಕಿಲೋಮೀಟರ್ ಉತ್ತರಕ್ಕಿದೆ. ಹೆಸರು ಹಳೇದು, ಊರು ಹೊಸದು. ಮೊದಲು ಹುಲ್ಲುಗಾವಲು. ಕರೆಂಟ್ ರೈಲು ಇಲ್ಲಿವರೆಗೆ ಬಂದದ್ದು 2007ರಲ್ಲಿ. 2021ರ ಜನಗಣತಿ ಹೊತ್ತಿಗೆ 65 ಸಾವಿರ ಜನ. ಒಂದೇ ಥರದ ಇಟ್ಟಿಗೆ ಮನೆ, ಒಂದೇ ಥರದ ಗರಾಜ್ ಬಾಗಿಲು. ಬೆಳಿಗ್ಗೆ ಬಾಗಿಲು ಮೇಲಕ್ಕೆ ಹೋಗುತ್ತೆ, ಕಾರು ಆಚೆ ಬರುತ್ತೆ, ಬಾಗಿಲು ಕೆಳಕ್ಕೆ ಬರುತ್ತೆ. ಸಂಜೆ ಉಲ್ಟಾ. ನಮ್ಮ ಎಡಗಡೆ ಮನೆಯವರು ಬಂದು ಮೂರು ವರ್ಷ ಆಯ್ತು. ಅವರ ಕಾರಿನ ಬಣ್ಣ ಗೊತ್ತು, ಹೆಸರು ಗೊತ್ತಿಲ್ಲ. ಅರಸೀಕೆರೆಯಲ್ಲಿ ಹೊಸ ಬಾಡಿಗೆಯವರು ಬಂದ ಒಂದೇ ಗಂಟೆಗೆ ಅವರ ಊರು, ಜಾತಿ, ಸಂಬಳ, ಎಷ್ಟು ಮಕ್ಕಳು ಎಲ್ಲ ಗೊತ್ತಾಗ್ತಿತ್ತು. ಅದು ನನಗೆ ಆಗ ಹಿಂಸೆ ಅನ್ನಿಸ್ತಿತ್ತು. ಈಗಲೂ ಪೂರ್ತಿ ಇಷ್ಟ ಇಲ್ಲ. ಆದ್ರೆ ಅಲ್ಲಿ ರಕ್ತಪಿಶಾಚಿ ಒಂದು ವಾರ ಇರೋಕೆ ಆಗ್ತಿರಲಿಲ್ಲ. ಪಕ್ಕದ ಮನೆ ಅಜ್ಜಿ "ಯಾಕಮ್ಮಾ ಹಗಲೆಲ್ಲಾ ಕಿಟಕಿ ಹಾಕ್ಕೊಂಡಿರ್ತೀಯ" ಅಂತ ಕೇಳಿ ಓಡಿಸಿಬಿಡ್ತಿದ್ರು.

ಅಂದಹಾಗೆ ಹಗಲೆಲ್ಲಾ ಕಿಟಕಿ ಹಾಕ್ಕೊಂಡು ಮಲಗೋಳು ನಮ್ಮ ಬೀದಿಯಲ್ಲಿ ನಾನೇ. ರಾತ್ರಿ ಒಂಬತ್ತಕ್ಕೆ ಡ್ಯೂಟಿ, ಬೆಳಿಗ್ಗೆ ಏಳೂವರೆಗೆ ಮುಗಿಯುತ್ತೆ. ಮನೆಗೆ ಬಂದು ದಪ್ಪ ಪರದೆ ಎಳೆದು ಮಲಗ್ತೀನಿ. ಬ್ಯಾಗಲ್ಲಿ ರಕ್ತ ತೆಗೆಯೋ ಟ್ಯೂಬು ಒಂದೆರಡು ಮರೆತು ಬಂದಿರುತ್ತೆ. ಎಡಗಡೆ ಮನೆಯವರು ನನ್ನ ಬಗ್ಗೆ ಏನಂದ್ಕೊಂಡಿದಾರೋ.

2. ಹೊಸಿಲು

ಕಥೆ ಸ್ವಲ್ಪ ಹೇಳ್ತೀನಿ. ಆಸ್ಕರ್ ಅನ್ನೋ ಹನ್ನೆರಡು ವರ್ಷದ ಹುಡುಗ. ಅಪ್ಪ ಅಮ್ಮ ಬೇರೆ ಆಗಿದಾರೆ, ಅಮ್ಮ ಕೆಲಸಕ್ಕೆ ಹೋಗ್ತಾಳೆ. ಶಾಲೆಯಲ್ಲಿ ಮೂರು ನಾಲ್ಕು ಹುಡುಗರು ಅವನನ್ನ ದಿನಾ ಹಿಂಸೆ ಮಾಡ್ತಾರೆ. ಅವನು ಯಾರಿಗೂ ಹೇಳಲ್ಲ. ಸಂಜೆ ಒಬ್ಬನೇ ಅಂಗಳದಲ್ಲಿ ಚಾಕು ಹಿಡಿದು ಮರಕ್ಕೆ ಚುಚ್ಚುತಾ ನಿಂತಿರ್ತಾನೆ. ಪಕ್ಕದ ಮನೆಗೆ ಎಲಿ ಅನ್ನೋ ಮಗು ಬರುತ್ತೆ, ಜೊತೆಗೊಬ್ಬ ವಯಸ್ಸಾದವನು. ಆ ಮಗು ಚಳಿಯಲ್ಲೂ ತೆಳು ಬಟ್ಟೆ ಹಾಕಿರುತ್ತೆ, ರಾತ್ರಿ ಮಾತ್ರ ಹೊರಗೆ ಬರುತ್ತೆ. ಇಬ್ಬರೂ ಸ್ನೇಹಿತರಾಗ್ತಾರೆ. ಗೋಡೆಗೆ ತಟ್ಟಿ ತಟ್ಟಿ ಸಂಕೇತದಲ್ಲಿ ಮಾತಾಡ್ತಾರೆ. ಎಲಿಗೆ ನೂರಾರು ವರ್ಷದಿಂದ ಹನ್ನೆರಡೇ ವಯಸ್ಸು. ಬದುಕೋಕೆ ಮನುಷ್ಯರ ರಕ್ತ ಬೇಕು.

ಇದರಲ್ಲಿ ಒಂದು ನಿಯಮ ಇದೆ. 1897ರ 'ಡ್ರಾಕುಲಾ' ಕಾದಂಬರಿಯಲ್ಲೂ ಇತ್ತು. ಮನೆಯವರು ಕರೆಯದೆ ರಕ್ತಪಿಶಾಚಿ ಒಳಗೆ ಬರೋ ಹಾಗಿಲ್ಲ. ಡ್ರಾಕುಲಾದಲ್ಲಿ ಅದು ಹತ್ತು ನಿಯಮಗಳಲ್ಲಿ ಒಂದು, ಅಷ್ಟೆ. ಈ ಕಾದಂಬರಿಗೆ ಅದೇ ಹೆಸರು, ಅದೇ ಜೀವ. ಎಲಿ ಬಾಗಿಲಲ್ಲಿ ನಿಂತು ಒಳಗೆ ಬರಬಹುದಾ ಅಂತ ಕೇಳಬೇಕು, ಆಸ್ಕರ್ ಬಾ ಅನ್ನಬೇಕು. ಒಂದು ಸಲ ಅವನು ತಮಾಷೆಗೆ, ಕರೆಯದೇ ಬಂದ್ರೆ ಏನಾಗುತ್ತೆ ನೋಡೋಣ ಅಂತ ಸುಮ್ಮನೆ ನಿಲ್ತಾನೆ. ಎಲಿ ಹೊಸಿಲು ದಾಟಿ ಬರುತ್ತೆ. ಮೈಯೆಲ್ಲಾ ರಕ್ತ ಸುರಿಯೋಕೆ ಶುರು ಆಗುತ್ತೆ. ಆಮೇಲೆ ಅವನು ಹೆದರಿ ಕರೀತಾನೆ.

ಇದನ್ನ ಓದುವಾಗ ನನಗೆ ನೆನಪಾದದ್ದು 'ನಾಳೆ ಬಾ'. 1990ರ ದಶಕ, ಬೆಂಗಳೂರು ಕಡೆಯಿಂದ ಸುದ್ದಿ ಹಬ್ಬಿತು. ರಾತ್ರಿ ಒಂದು ದೆವ್ವ ಬಂದು ಬಾಗಿಲು ತಟ್ಟುತ್ತೆ, ನಮ್ಮವರದ್ದೇ ಧ್ವನಿಯಲ್ಲಿ ಕರೆಯುತ್ತೆ, ತೆಗೆದ್ರೆ ಸತ್ತ ಹಾಗೆ. ಬಾಗಿಲ ಮೇಲೆ 'ನಾಳೆ ಬಾ' ಅಂತ ಬರೆದ್ರೆ ಓದ್ಕೊಂಡು ವಾಪಸ್ ಹೋಗುತ್ತೆ, ಮಾರನೇ ದಿನ ಮತ್ತೆ ಓದಿ ಮತ್ತೆ ಹೋಗುತ್ತೆ. ನಮ್ಮ ಬೀದಿಯಲ್ಲೂ ಸೀಮೆಸುಣ್ಣದಲ್ಲಿ ಬರೆದಿದ್ರು, ನೆನಪಿದೆಯಾ? 2018ರ ಹಿಂದಿ ಸಿನಿಮಾ 'ಸ್ತ್ರೀ' ಈ ಕಥೆಯನ್ನೇ ಹೋಲುತ್ತೆ. ಸ್ವೀಡನ್ನಿನ ದೆವ್ವಕ್ಕೂ ನಮ್ಮ ದೆವ್ವಕ್ಕೂ ಎಷ್ಟು ಮರ್ಯಾದೆ ನೋಡಿ. ಒಂದು ಕರೆಯೋವರೆಗೂ ಕಾಯುತ್ತೆ, ಇನ್ನೊಂದು ಬೋರ್ಡ್ ಓದಿ ಹೋಗುತ್ತೆ. ಎರಡಕ್ಕೂ ಹೊಸಿಲು ಅಂದ್ರೆ ಗೊತ್ತು.

ನರ್ಸ್ ಆಗಿ ಈ ನಿಯಮ ನನಗೆ ಬೇರೆ ಥರ ತಟ್ಟಿತು. ಬೆಂಗಳೂರಿನಲ್ಲಿ ಕೆಲಸ ಕಲಿಯುವಾಗ ನಾನು ರಕ್ತ ತೆಗೆಯೋಕೆ ಹೋದ್ರೆ "ಅಜ್ಜಿ ಕೈ ಕೊಡಿ" ಅಂತ ಕೈ ಎಳ್ಕೊಂಡು ಪಟ್ಟಿ ಕಟ್ಟಿಬಿಡ್ತಿದ್ದೆ. ಅದು ಒರಟುತನ ಅಂತಲೂ ಅನ್ನಿಸಿರಲಿಲ್ಲ. ವಾರ್ಡಿನಲ್ಲಿ ನಲವತ್ತು ಜನ, ಮಾತಾಡೋಕೆ ಟೈಮ್ ಎಲ್ಲಿ. ಇಲ್ಲಿ ಬಂದ ಮೇಲೆ ಮೊದಲು ಕಲಿತದ್ದು ಪರದೆಯ ಆಚೆ ನಿಂತು ಒಳಗೆ ಬರಬಹುದಾ ಅಂತ ಕೇಳೋದು. ಆಮೇಲೆ ನನ್ನ ಹೆಸರು ಹೇಳಬೇಕು, ಅವರ ಪೂರ್ತಿ ಹೆಸರು, ಹುಟ್ಟಿದ ದಿನ ಅವರ ಬಾಯಿಂದಲೇ ಹೇಳಿಸಬೇಕು, ಯಾಕೆ ರಕ್ತ ತೆಗೀತೀನಿ ಅಂತ ಹೇಳಿ, ಆಗಬಹುದಾ ಅಂತ ಕೇಳಬೇಕು. ಬೇಡ ಅಂದ್ರೆ ಬೇಡ. ಮೊದಲ ಆರು ತಿಂಗಳು ನನಗೆ ಇದು ನಾಟಕ ಅನ್ನಿಸ್ತು. ಒಂದು ದಿನ ತೊಂಬತ್ತು ದಾಟಿದ ಒಬ್ಬರು ಅಜ್ಜಿ ಬೇಡ ಅಂದ್ರು. ನಾಲ್ಕು ದಿನದಿಂದ ದಿನಾ ಚುಚ್ಚುತಿದೀರ, ಇವತ್ತು ಬಿಡಿ ಅಂದ್ರು. ಡಾಕ್ಟರಿಗೆ ಹೇಳಿದೆ. ನೋಡಿದ್ರೆ ಆವತ್ತಿನ ಟೆಸ್ಟ್ ನಿಜಕ್ಕೂ ಬೇಕಾಗಿರಲಿಲ್ಲ. ಅಭ್ಯಾಸದ ಬಲಕ್ಕೆ ಬರೆದಿದ್ರು.

ಹೊಸಿಲಲ್ಲಿ ನಿಂತು ಕೇಳೋದು ಅಂದ್ರೆ ಎದುರಿನವರಿಗೆ ಇಲ್ಲ ಅನ್ನೋಕೆ ಜಾಗ ಬಿಡೋದು. ರಕ್ತಪಿಶಾಚಿಗೂ ಇರೋ ಈ ನಿಯಮವನ್ನ ಮನುಷ್ಯರು ಎಷ್ಟು ಸಲ ಮುರೀತೀವಿ ಅನ್ನೋದನ್ನ ಕಾದಂಬರಿ ಪುಟಪುಟದಲ್ಲೂ ತೋರಿಸುತ್ತೆ. ಆಸ್ಕರ್‌ನನ್ನ ಹಿಂಸೆ ಮಾಡೋ ಹುಡುಗರು ಯಾರನ್ನೂ ಕೇಳಿ ಮುಟ್ಟಲ್ಲ.

3. ಕೊಟ್ಟ ರಕ್ತ, ಕಿತ್ಕೊಂಡ ರಕ್ತ

ಅಮ್ಮನಿಗೆ ರಕ್ತದ ಹೆಸರು ಕೇಳಿದ್ರೆ ಆಗಲ್ಲ. ನನಗೆ ಅದು ದಿನದ ಕೆಲಸ. ಅದಕ್ಕೆ ಇಲ್ಲಿ ಸ್ವಲ್ಪ ನನ್ನ ಕಸುಬಿನ ಮಾತು.

ಹಳೇ ಡ್ರಾಕುಲಾ ಕಾದಂಬರಿಯಲ್ಲಿ ಲೂಸಿ ಅನ್ನೋ ಹುಡುಗಿಯ ರಕ್ತವನ್ನ ಅವನು ರಾತ್ರಿ ಬಂದು ಹೀರ್ತಾನೆ. ಅವಳನ್ನ ಉಳಿಸೋಕೆ ನಾಲ್ಕು ಜನ ಗಂಡಸರು ಒಬ್ಬರ ನಂತರ ಒಬ್ಬರು ರಕ್ತ ಕೊಡ್ತಾರೆ. ಓದುವಾಗ ನನಗೆ ರಕ್ತಪಿಶಾಚಿಗಿಂತ ಇದೇ ಭಯ ಆಯ್ತು. ಯಾರ ಗುಂಪು ಯಾವುದು ಅಂತ ಒಬ್ಬರೂ ನೋಡಲ್ಲ! ನೋಡೋ ಹಾಗೂ ಇರಲಿಲ್ಲ. ಪುಸ್ತಕ ಬಂದದ್ದು 1897ರಲ್ಲಿ. ಎ, ಬಿ, ಓ ಗುಂಪುಗಳ ವಿಷಯವನ್ನ ಕಾರ್ಲ್ ಲ್ಯಾಂಡ್‌ಸ್ಟೈನರ್ ಹೇಳಿದ್ದು 1901ರಲ್ಲಿ. ಅದಕ್ಕೆ ಅವರಿಗೆ 1930ರಲ್ಲಿ ನೊಬೆಲ್ ಬಂತು. ಆ ನಾಲ್ಕು ಜನರಲ್ಲಿ ಒಬ್ಬರದ್ದು ಹೊಂದದ ಗುಂಪಾಗಿದ್ರೂ ಡ್ರಾಕುಲಾ ಬೇಕಾಗಿರಲಿಲ್ಲ, ಡಾಕ್ಟರೇ ಸಾಯಿಸಿರ್ತಿದ್ರು. ಇವತ್ತು ನಾವು ಒಂದು ಬ್ಯಾಗ್ ರಕ್ತ ಹಾಕಬೇಕಾದ್ರೆ ರೋಗಿಯ ಮಂಚದ ಪಕ್ಕ ಇಬ್ಬರು ನಿಂತು ಹೆಸರು, ಹುಟ್ಟಿದ ದಿನ, ಗುಂಪು, ಬ್ಯಾಗಿನ ನಂಬರು, ಮುಗಿಯೋ ತಾರೀಕು ಎಲ್ಲ ಜೋರಾಗಿ ಓದಿ ತಾಳೆ ನೋಡ್ತೀವಿ. ಹಾಕಿದ ಮೇಲೆ ಮೊದಲ ಹದಿನೈದು ನಿಮಿಷ ಕಣ್ಣಿಟ್ಟಿರ್ತೀವಿ. ನಾಲ್ಕು ಗಂಟೆಯೊಳಗೆ ಮುಗೀಬೇಕು.

ಲಿಂಡ್‌ಕ್ವಿಸ್ಟ್ ಕಾದಂಬರಿಯಲ್ಲಿ ಎಲಿಯ ಜೊತೆ ಇರೋ ವಯಸ್ಸಾದವನ ಹೆಸರು ಹೋಕನ್. ಅವನ ಕೆಲಸ ರಕ್ತ ತರೋದು. ಅವನು ಮಂತ್ರ ಹಾಕಲ್ಲ, ಹಾರಲ್ಲ. ಬ್ಯಾಗಿನಲ್ಲಿ ಮತ್ತು ಬರಿಸೋ ಗ್ಯಾಸು, ಹಗ್ಗ, ಚಾಕು, ರಕ್ತ ಹಿಡಿಯೋ ಪಾತ್ರೆ ಇಟ್ಕೊಂಡು ಮೆಟ್ರೋ ಹತ್ತಿ ಹೋಗ್ತಾನೆ. ಇಷ್ಟು ನಿಜ ಇರೋದಕ್ಕೇ ಮೈ ಜುಮ್ ಅನ್ನುತ್ತೆ. ಇದು ಬರೀ ಕಥೆ ಅಂತ ಪಕ್ಕಕ್ಕೆ ಇಡೋಕೆ ಆಗಲ್ಲ. ಒಬ್ಬರ ಬದುಕಿಗೆ ಇನ್ನೊಬ್ಬರ ಮೈಯಿಂದ ಕಿತ್ಕೊಂಡು ಬರೋ ಜನ ನಿಜವಾಗಿ ಇದಾರೆ. ನಮ್ಮ ದೇಶದಲ್ಲೇ ದುಡ್ಡಿಗೆ ರಕ್ತ ಮಾರೋದು ಒಂದು ದಂಧೆ ಆಗಿತ್ತು. ಹೊಟ್ಟೆಗಿಲ್ಲದವರು, ಕುಡಿತದ ಚಟ ಇದ್ದವರು, ಒಂದು ವಾರ ಬಿಟ್ಟು ಮತ್ತೆ ಬಂದು ಮಾರ್ತಿದ್ರು. 1996ರಲ್ಲಿ ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟಿತು, 1998ರ ಜನವರಿಯಿಂದ ಅದಕ್ಕೆ ನಿಷೇಧ ಬಂತು. ಅದಕ್ಕೆ ಮೊದಲು ರಕ್ತಪಿಶಾಚಿ ಯಾರು ಅಂತ ಕೇಳಿದ್ರೆ, ಹಲ್ಲಿರೋ ದೆವ್ವ ಅಂತೂ ಅಲ್ಲ.

ಇದರ ಉಲ್ಟಾ ಕಥೆ ಈ ದೇಶದ್ದೇ ಒಂದಿದೆ. ಜೇಮ್ಸ್ ಹ್ಯಾರಿಸನ್ ಅಂತ. ನ್ಯೂ ಸೌತ್ ವೇಲ್ಸ್‌ನವರು. ಹದಿನಾಲ್ಕನೇ ವಯಸ್ಸಿನಲ್ಲಿ ಎದೆಯ ದೊಡ್ಡ ಆಪರೇಷನ್ ಆಗಿ ಬೇರೆಯವರ ರಕ್ತದಿಂದ ಬದುಕಿದ್ರು. ಹದಿನೆಂಟು ತುಂಬಿದ ಮೇಲೆ 1954ರಲ್ಲಿ ತಾವೂ ಕೊಡೋಕೆ ಶುರು ಮಾಡಿದ್ರು. ಸೂಜಿ ಕಂಡ್ರೆ ಭಯ ಅಂತೆ, ಚುಚ್ಚುವಾಗ ಒಂದು ದಿನವೂ ಆ ಕಡೆ ನೋಡ್ತಿರಲಿಲ್ಲವಂತೆ. ಅವರ ರಕ್ತದಲ್ಲಿ ಅಪರೂಪದ ಒಂದು ಅಂಶ ಇತ್ತು. ತಾಯಿ ಗುಂಪು ನೆಗೆಟಿವ್, ಮಗುವಿನದ್ದು ಪಾಸಿಟಿವ್ ಆದಾಗ ತಾಯಿಗೆ ಕೊಡ್ತೀವಲ್ಲ ಆಂಟಿ-ಡಿ ಇಂಜೆಕ್ಷನ್, ಅದನ್ನ ಅಂಥವರ ಪ್ಲಾಸ್ಮಾದಿಂದಲೇ ಮಾಡೋದು. 2018ರಲ್ಲಿ 81ನೇ ವಯಸ್ಸಿಗೆ ನಿಲ್ಲಿಸೋ ಹೊತ್ತಿಗೆ 1,173 ಸಲ ಕೊಟ್ಟಿದ್ರು. ಅವರಿಂದ 24 ಲಕ್ಷ ಮಕ್ಕಳಿಗೆ ಉಪಯೋಗ ಆಗಿದೆ ಅಂತ ಇಲ್ಲಿನ ಲೆಕ್ಕ. 2025ರ ಫೆಬ್ರವರಿಯಲ್ಲಿ ತೀರಿಕೊಂಡರು. ಅಷ್ಟಕ್ಕೂ ಒಂದು ಡಾಲರ್ ತಗೊಂಡಿಲ್ಲ. ಇಲ್ಲಿ ರಕ್ತಕ್ಕೆ ದುಡ್ಡು ಕೊಡಲ್ಲ, ಬಿಸ್ಕತ್ತು ಜ್ಯೂಸು ಅಷ್ಟೆ.

ಮಗನಿಗೆ ಇದನ್ನ ಹೇಳಿದೆ. ಒಂದೇ ರಕ್ತ, ಕಿತ್ಕೊಂಡ್ರೆ ಕೊಲೆ, ಕೊಟ್ಟರೆ ಜೀವ, ಮಧ್ಯೆ ಇರೋದು ಕೇಳೋದು ಒಂದೇ ಅಂತ. "ಅಮ್ಮಾ, ಲೆಕ್ಚರ್ ಬೇಡ" ಅಂದ. ಸರಿ ಅಂತ ಸುಮ್ಮನಾದೆ.

4. ಈಜುಕೊಳ

ಈಗ ಕಷ್ಟದ ಭಾಗ.

ಈ ಪುಸ್ತಕ ಮನೆಗೆ ತಂದದ್ದು ನಾನಲ್ಲ, ಮಗ. ಅವನಿಗೆ ಹದಿನೈದು. ಕ್ರೇಗಿಬರ್ನ್ ಲೈಬ್ರರಿಯಿಂದ ತಂದಿದ್ದ. ಆ ಲೈಬ್ರರಿ ಬಗ್ಗೆ ಹಿಂದೆ ಫೋಟೋ ಹಾಕಿದ್ದೆ, ಮಣ್ಣನ್ನ ಒತ್ತಿ ಕಟ್ಟಿದ ಗೋಡೆ ಇರೋದು. 2014ರಲ್ಲಿ ಪ್ರಪಂಚದ ಅತ್ಯುತ್ತಮ ಸಾರ್ವಜನಿಕ ಲೈಬ್ರರಿ ಅಂತ ಡೆನ್ಮಾರ್ಕಿನವರು ಬಹುಮಾನ ಕೊಟ್ಟರು. ಶಾಲೆ ಬಿಟ್ಟ ಮೇಲೆ ಅವನು ಅಲ್ಲೇ ಕೂರ್ತಾನೆ, ಓದ್ತಾನೆ ಅಂತ ನಾನು ಹೆಮ್ಮೆಯಿಂದ ನಿಮಗೆಲ್ಲ ಹೇಳಿದ್ದೆ. ಯಾಕೆ ಕೂರ್ತಿದ್ದ ಅಂತ ಕೇಳಿರಲಿಲ್ಲ.

ಅವನು ಏನು ಓದ್ತಿದಾನೆ ಅಂತ ನೋಡೋಕೆ ನಾನೂ ಓದಿದೆ, ನೈಟ್ ಡ್ಯೂಟಿಯ ಬ್ರೇಕಿನಲ್ಲಿ, ಮೂರು ವಾರ. ಕೊನೆಯ ಭಾಗದಲ್ಲಿ ಈಜುಕೊಳದ ಘಟನೆ ಬರುತ್ತೆ. ಆ ಹುಡುಗರು ಆಸ್ಕರ್‌ನನ್ನ ನೀರಿನಲ್ಲಿ ಮುಳುಗಿಸಿ ಹಿಡೀತಾರೆ. ಅವನು ಸಾಯೋ ಹಂತಕ್ಕೆ ಬಂದಾಗ ಎಲಿ ಬರುತ್ತೆ. ಆಮೇಲೆ ಅಲ್ಲಿ ಆಗೋದನ್ನ ನಾನು ಇಲ್ಲಿ ಬರೆಯಲ್ಲ, ದೊಡ್ಡಮ್ಮನೂ ಓದ್ತಾರೆ. ಊಟ ಮಾಡುವಾಗ ಮಗನನ್ನ ಕೇಳಿದೆ, ಆ ಭಾಗ ಓದಿ ಭಯ ಆಗ್ಲಿಲ್ವೇನೋ ಅಂತ. ಅವನು ತಟ್ಟೆ ನೋಡ್ತಾನೇ "ಇಲ್ಲ, ಖುಷಿ ಆಯ್ತು" ಅಂದ.

ನಾನು ತಕ್ಷಣ ಬೈಯೋಕೆ ಬಾಯಿ ತೆಗೆದೆ. ಇವರು ಮೇಜಿನ ಕೆಳಗೆ ನನ್ನ ಕಾಲು ತುಳಿದ್ರು. ಸುಮ್ಮನಾದೆ. ಸ್ವಲ್ಪ ಹೊತ್ತು ಬಿಟ್ಟು ಇವರೇ "ಯಾರ ಮೇಲೆ ಸಿಟ್ಟೋ ನಿಂಗೆ" ಅಂತ ಮೆಲ್ಲಗೆ ಕೇಳಿದ್ರು. ಆ ರಾತ್ರಿ ಒಂದೂವರೆವರೆಗೆ ಮಾತಾಡಿದ್ವಿ. ಎರಡು ಟರ್ಮ್‌ಗಳಿಂದ ಶಾಲೆಯಲ್ಲಿ ಮೂವರು ಹುಡುಗರು ಅವನ ಹಿಂದೆ ಬಿದ್ದಿದ್ರಂತೆ. ಬ್ಯಾಗು ಕಸದ ಡಬ್ಬಿಗೆ, ಡಬ್ಬಿ ಊಟಕ್ಕೆ ಏನೇನೋ ಹೆಸರು, ಫೋನಿನ ಗುಂಪಿನಲ್ಲಿ ಅವನ ಫೋಟೋ. ಒಂದು ಸಲ ತುಟಿ ಒಡೆದು ಬಂದಿದ್ದ. ಫುಟ್‌ಬಾಲ್ ತಗುಲಿತು ಅಂದಿದ್ದ. ನಾನು ನರ್ಸು! ಹೊಲಿಗೆ ಬೇಕಾ ಬೇಡವಾ ಅಂತ ನೋಡಿದೆ, ಐಸ್ ಇಟ್ಟೆ, ಫುಟ್‌ಬಾಲ್ ತಗುಲಿದ್ರೆ ಗಾಯ ಹೀಗೆ ಆಗುತ್ತಾ ಅಂತ ಯೋಚನೆ ಮಾಡ್ಲಿಲ್ಲ. ಆಸ್ಕರ್ ಕೂಡ ಕೆನ್ನೆಯ ಗಾಯಕ್ಕೆ ಅಮ್ಮನ ಹತ್ರ ಬಿದ್ದೆ ಅಂತ ಸುಳ್ಳು ಹೇಳ್ತಾನೆ. ಅವಳೂ ನಂಬ್ತಾಳೆ. ಆ ಪುಟ ಓದುವಾಗ ನಾನು ಆ ತಾಯಿಯನ್ನ ಮನಸ್ಸಿನಲ್ಲೇ ಬೈದಿದ್ದೆ.

ಯಾಕೋ ನಮಗೆ ಹೇಳ್ಲಿಲ್ಲ ಅಂದೆ. "ನೀನು ಹಗಲು ಮಲಗಿರ್ತೀಯ, ಅಪ್ಪ ಸಂಜೆ ಬರ್ತಾರೆ. ಯಾವಾಗ ಹೇಳ್ಲಿ" ಅಂದ. ಸಿಟ್ಟಿನಿಂದ ಹೇಳ್ಲಿಲ್ಲ. ಬಸ್ ಟೈಮ್ ಹೇಳಿದ ಹಾಗೆ ಹೇಳಿದ.

ಈಗ ಶಾಲೆಯವರ ಜೊತೆ ಮಾತಾಡಿದೀವಿ, ಅದು ನಡೀತಿದೆ. ಆ ಹುಡುಗರ ಬಗ್ಗೆಯೂ ಶಾಲೆಯ ಬಗ್ಗೆಯೂ ಇಲ್ಲಿ ಬರೆಯಲ್ಲ, ಯಾರೂ ಕೇಳಬೇಡಿ. ನಾನು ಹೇಳಬೇಕಾದದ್ದು ಒಂದೇ. ಈ ಪುಸ್ತಕ ನನ್ನ ಮಗನನ್ನ ಕೆಡಿಸಲಿಲ್ಲ. ಅವನು ಆರು ತಿಂಗಳು ಹೇಳೋಕೆ ಆಗದೇ ಇದ್ದದ್ದನ್ನ ಹೇಳೋಕೆ ಅವನಿಗೆ ಒಂದು ದಾರಿ ಕೊಟ್ಟಿತು. ಅಮ್ಮ ಹೇಳಿದ ಹಾಗೆ ನೋಡಿದ ಕೂಡಲೇ ವಾಪಸ್ ಕೊಟ್ಟು ಬಂದಿದ್ರೆ ನನಗೆ ಇವತ್ತಿಗೂ ಗೊತ್ತಾಗ್ತಿರಲಿಲ್ಲ.

5. ಹಾಗಂತ ಪುಸ್ತಕ ಹೇಳಿದ್ದೆಲ್ಲ ಸರೀನಾ?

ಇಲ್ಲ. ಇದನ್ನೂ ಹೇಳಬೇಕು, ಇಲ್ಲದಿದ್ರೆ ಅಮ್ಮನಿಗೆ ಅನ್ಯಾಯ ಮಾಡಿದ ಹಾಗೆ.

ಮೊದಲನೇದು, ಕಾದಂಬರಿಯಲ್ಲಿ ಹೋಕನ್ ಮಕ್ಕಳ ಮೇಲೆ ಕೆಟ್ಟ ಕಣ್ಣಿನವನು. ಆ ಭಾಗಗಳು ಸಿನಿಮಾದಲ್ಲಿ ಇಲ್ಲ, ಪುಸ್ತಕದಲ್ಲಿ ಬಿಚ್ಚಿ ಬರೆದಿದಾರೆ. ನಾನೇ ಎರಡು ಸಲ ಮುಚ್ಚಿಟ್ಟೆ. ಹದಿನೈದಕ್ಕೆ ಅದು ಬೇಗ ಆಯ್ತು ಅನ್ನೋದು ನನ್ನ ಅಭಿಪ್ರಾಯ. ಮೊದಲೇ ಗೊತ್ತಿದ್ರೆ ಸಿನಿಮಾ ನೋಡೋಣ, ಪುಸ್ತಕ ಆಮೇಲೆ ಅನ್ನುತಿದ್ದೆ. ಅದೂ ಜೊತೆಯಲ್ಲಿ ಕೂತು.

ಎರಡನೇದು, ಈಜುಕೊಳದ ಘಟನೆ ಓದಿ ಖುಷಿ ಆಗೋದು ನನಗೂ ಆಯ್ತು. ಸುಳ್ಳು ಯಾಕೆ ಹೇಳಲಿ. ಈಗ ಆ ಮೂವರ ಮುಖ ಗೊತ್ತಾದ ಮೇಲೆ ಇನ್ನೂ ಆಗುತ್ತೆ. ಆದ್ರೆ ಅದು ಬಿಡುಗಡೆ ಅಲ್ಲ. ಆಸ್ಕರ್‌ನನ್ನ ಕಾಪಾಡಿದವರಿಗೆ ನಾಳೆ ಮತ್ತೆ ರಕ್ತ ಬೇಕು. ಅದನ್ನ ತರೋದು ಯಾರು? ಹೋಕನ್ ಜಾಗಕ್ಕೆ ಆಸ್ಕರ್ ಬರ್ತಾನೆ ಅಂತ ತುಂಬಾ ಜನ ಓದ್ಕೋತಾರೆ. ಲೇಖಕರು ಆಮೇಲೆ ಒಂದು ಕಥೆ ಬರೆದು ಬೇರೆ ದಾರಿ ಸೂಚಿಸಿದಾರೆ. ಆದ್ರೂ ಕೊನೆಯಲ್ಲಿ ರೈಲಿನಲ್ಲಿ ಹೋಗ್ತಿರೋ ಆ ಹುಡುಗನನ್ನ ನೋಡಿದ್ರೆ ನನಗೆ ನೆಮ್ಮದಿ ಆಗಲ್ಲ. ಮಗನಿಗೆ ಕೇಳಿದೆ, ಅವನು ಗೆದ್ದನಾ ಅಂತ. ತುಂಬಾ ಹೊತ್ತು ಯೋಚನೆ ಮಾಡಿ "ಅವನಿಗೆ ಬೇರೆ ಯಾರೂ ಇರಲಿಲ್ಲ" ಅಂದ. ಪ್ರಶ್ನೆಗೆ ಉತ್ತರ ಅಲ್ಲ, ಆದ್ರೆ ಇಡೀ ಪುಸ್ತಕ ಅದೇ ಅನ್ನಿಸ್ತು ನನಗೆ. ಆಸ್ಕರ್ ರಕ್ತಪಿಶಾಚಿಯನ್ನ ಒಳಗೆ ಕರೆದದ್ದು ಅವನು ಕೆಟ್ಟವನಾಗಿದ್ದಕ್ಕಲ್ಲ. ಅವನ ಬಾಗಿಲಿಗೆ ಬಂದು ಒಳಗೆ ಬರಲಾ ಅಂತ ಕೇಳಿದವರು ಅದೊಂದೇ.

ಸಿನಿಮಾದಲ್ಲಿ ಆಸ್ಪತ್ರೆಯ ಒಂದು ದೃಶ್ಯ ಇದೆ. ಕಚ್ಚಿಸಿಕೊಂಡ ಹೆಂಗಸು ವಾರ್ಡಿನಲ್ಲಿ ಮಲಗಿದಾಳೆ. ತಾನು ಏನಾಗ್ತಿದೀನಿ ಅಂತ ಅವಳಿಗೆ ಗೊತ್ತು. ಕಿಟಕಿಯ ಪರದೆ ತೆಗೀರಿ ಅಂತ ಕೇಳ್ತಾಳೆ. ವಾರ್ಡಿನವನು ಪಾಪ ಒಳ್ಳೇ ಮನಸ್ಸಿನಿಂದ ತೆಗೀತಾನೆ. ಬಿಸಿಲು ಬಿದ್ದು ಅವಳು ಹೊತ್ತಿಕೊಳ್ತಾಳೆ. ನಾನು ದಿನಾ ಬೆಳಿಗ್ಗೆ ಏಳಕ್ಕೆ ಮಾಡೋ ಕೆಲಸ ಅದು, ಪರದೆ ಸರಿಸೋದು. ರೋಗಿ ಏನು ಕೇಳ್ತಿದಾರೆ, ಯಾಕೆ ಕೇಳ್ತಿದಾರೆ ಅನ್ನೋದು ಎರಡು ಬೇರೆ ಪ್ರಶ್ನೆ. ಮೊದಲನೇದನ್ನ ನಾವೆಲ್ಲ ಚೆನ್ನಾಗಿ ಕೇಳ್ತೀವಿ. ಎರಡನೇದಕ್ಕೆ ಟೈಮ್ ಇರಲ್ಲ. ಮನೆಯಲ್ಲೂ ಅಷ್ಟೇ ಆಯ್ತು. ಊಟ ಮಾಡಿದ್ಯಾ, ಹೋಮ್‌ವರ್ಕ್ ಆಯ್ತಾ, ಎಲ್ಲ ಕೇಳಿದೀನಿ.

ಅದಕ್ಕೆ ಅಮ್ಮ, ಮಾವ, ಅತ್ತಿಗೆ, ನಿಮ್ಮೆಲ್ಲರಿಗೂ ನನ್ನ ಉತ್ತರ ಇದು. ಪುಸ್ತಕವನ್ನ ಮನೆಯಿಂದ ಆಚೆ ಹಾಕೋದು ಬಾಗಿಲ ಮೇಲೆ 'ನಾಳೆ ಬಾ' ಬರೆದ ಹಾಗೆ. ಒಂದು ದಿನದ ಮಟ್ಟಿಗೆ ನೆಮ್ಮದಿ. ನಿಜವಾದ ದೆವ್ವ ಶಾಲೆಯ ಬ್ಯಾಗಿನಲ್ಲಿ, ಫೋನಿನಲ್ಲಿ ಒಳಗೆ ಬಂದಾಗಿರುತ್ತೆ. ಅದು ಬೋರ್ಡ್ ಓದಲ್ಲ. ಮಕ್ಕಳು ಭಯದ ಕಥೆ ಓದಲಿ. ನಾವೂ ಅದೇ ಓದಿ, ಎಲ್ಲಿ ಭಯ ಆಯ್ತು, ಎಲ್ಲಿ ಖುಷಿ ಆಯ್ತು ಅಂತ ಕೇಳೋಣ. ಉತ್ತರ ಕೇಳಿದ ಕೂಡಲೇ ಬೈಯದೇ ಇರೋದು ಕಷ್ಟ. ಪಕ್ಕದಲ್ಲಿ ಕಾಲು ತುಳಿಯೋರು ಒಬ್ಬರಿರಲಿ.

ನಮ್ಮ ಮನೆಯಲ್ಲಿ ಈಗ ಒಂದು ಬದಲಾವಣೆ ಮಾಡ್ಕೊಂಡಿದೀವಿ. ನಾನು ವಾರಕ್ಕೆ ಎರಡು ನೈಟ್ ಕಡಿಮೆ ಮಾಡಿದೆ. ದುಡ್ಡು ಸ್ವಲ್ಪ ಕಮ್ಮಿ ಆಗುತ್ತೆ, ಈ ವರ್ಷ ಊರಿಗೆ ಬರೋದು ಬಹುಶಃ ಆಗಲ್ಲ. ಅಮ್ಮನಿಗೆ ಇದನ್ನ ಫೋನಿನಲ್ಲೇ ಹೇಳಿದೀನಿ. ಒಂದು ನಿಮಿಷ ಸುಮ್ಮನಿದ್ರು. ಆಮೇಲೆ "ಅವನಿಗೆ ಫೋನ್ ಕೊಡು" ಅಂದ್ರು. ಅಜ್ಜಿ ಮೊಮ್ಮಗ ಏನು ಮಾತಾಡಿದ್ರೋ, ನನ್ನನ್ನ ಆಚೆ ಕಳಿಸಿದ್ರು. ಮಗನ ರೂಮಿಗೆ ಹೋಗುವಾಗ ನಾನೂ ಈಗ ಬಾಗಿಲು ತಟ್ಟಿ ಕೇಳ್ತೀನಿ. ಕೆಲವು ದಿನ "ಈಗ ಬೇಡ" ಅಂತಾನೆ. ಹತ್ತು ನಿಮಿಷ ಬಿಟ್ಟು ತಾನೇ ಅಡುಗೆ ಮನೆಗೆ ಬರ್ತಾನೆ.

ಕೊನೆಗೊಂದು ಮಾತು, ಕಸುಬಿನ ಅಭ್ಯಾಸ. ಊರಲ್ಲಿರೋ ಗೆಳೆಯರೇ, ಗೆಳತಿಯರೇ, ಹದಿನೆಂಟು ದಾಟಿ ಆರೋಗ್ಯವಾಗಿದ್ದು, ತೂಕ 45 ಕಿಲೋ, ಹಿಮೋಗ್ಲೋಬಿನ್ 12.5 ಇದ್ರೆ ರಕ್ತ ಕೊಡಬಹುದು. ಗಂಡಸರು ಮೂರು ತಿಂಗಳಿಗೊಮ್ಮೆ, ಹೆಂಗಸರು ನಾಲ್ಕು ತಿಂಗಳಿಗೊಮ್ಮೆ. ನಮ್ಮ ಹೆಣ್ಣುಮಕ್ಕಳಿಗೆ ಹಿಮೋಗ್ಲೋಬಿನ್ ಕಡಿಮೆ ಅಂತ ವಾಪಸ್ ಕಳಿಸೋದೇ ಜಾಸ್ತಿ, ಹಾಗಾದ್ರೆ ಬೇಜಾರು ಮಾಡ್ಕೋಬೇಡಿ, ಡಾಕ್ಟರಿಗೆ ತೋರಿಸಿ. ನಾನು ಮುಂದಿನ ವಾರ ಕೊಡೋಕೆ ಹೋಗ್ತಿದೀನಿ. ಇಲ್ಲೂ ಹದಿನೆಂಟು ಆಗಬೇಕು, ಮಗನಿಗೆ ಇನ್ನೂ ಮೂರು ವರ್ಷ ಇದೆ. ಜೊತೆಗೆ ಬಂದು ನೋಡ್ತೀನಿ ಅಂದಿದಾನೆ.

ಎಡಗಡೆ ಮನೆಯವರ ಹೆಸರು ಕೇಳಿದೆ, ನಿನ್ನೆ. ಕಸದ ಡಬ್ಬಿ ಆಚೆ ಇಡುವಾಗ. ಅವರಿಗೂ ಹೈಸ್ಕೂಲಿನ ಮಗಳಿದಾಳಂತೆ. ಶನಿವಾರ ಟೀಗೆ ಕರೆದಿದೀನಿ. ಕೋಡುಬಳೆ ಮಾಡಬೇಕು. ಅತ್ತಿಗೆ, ನಿಮ್ಮ ಅಳತೆ ಕಳಿಸಿ, ಹೋದ ಸಲ ನನ್ನದು ಕಲ್ಲಾಗಿತ್ತು.

ಮುಂದಿನ ಕಂತಿನಲ್ಲಿ ಸಿಗೋಣ.